ಕೆರೆ ಐತೆ, ತೂಬೆಲ್ಲಿ?

ಬೆಂಗಳೂರಿನ ಸ್ಯಾಂಕಿ ಕೆರೆಯ ಪಾರ್ಕಿಗೆ ನಾವು ನಾಲ್ಕು ಜನ ಹೋದದ್ದು 2024ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಊರಿಗೆ ಊರೇ ನೀರು ನೀರು ಅನ್ನುತ್ತಿದ್ದ ಕಾಲ ಅದು. ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರಿನವರು ಹೇಳಿದ್ದೇ ರೇಟು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗಷ್ಟೇ ಹುಕುಂ ಹೊರಡಿಸಿತ್ತು. ನಮ್ಮ ಜೊತೆ ಕೋಲಾರದ ಕಡೆಯ ನಮ್ಮೂರಿನಿಂದ ಬಂದಿದ್ದ ದೊಡ್ಡಪ್ಪ ಇದ್ದ. ಎಪ್ಪತ್ತೈದು ದಾಟಿದ ಜೀವ. ಕಣ್ಣು ತೋರಿಸಲು ಬಂದವನು, ಡಾಕ್ಟರು ಸೋಮವಾರ ಬನ್ನಿ ಅಂದದ್ದಕ್ಕೆ ಭಾನುವಾರ ಪೂರ್ತಿ ಖಾಲಿ ಉಳಿದಿದ್ದ. ಲಾಲ್‌ಬಾಗಿಗೆ ಹೋಗೋಣ್ವಾ ಅಂತ ಕೇಳಿದೆವು. "ಹೂವು ನೋಡಿ ಏನ್ ಮಾಡ್ಲಪ್ಪ, ನೀರಿರೋ ಜಾಗ ಇದ್ರೆ ತೋರ್ಸ್ರಿ" ಅಂದ.

ಸುಳ್ಳು ಹೇಳಬಾರದು, ಕೆರೆ ಚೆನ್ನಾಗಿತ್ತು. ಸುತ್ತ ಮರ, ಕಾಲಡಿಗೆ ಚಪ್ಪಡಿ ಹಾಸಿದ ದಾರಿ, ಕಂಬಿ ಬೇಲಿ, ಗೇಟು, ಇಷ್ಟರಿಂದ ಇಷ್ಟು ಗಂಟೆಯ ತನಕ ಎಂಬ ಬೋರ್ಡು. ಬಿಳಿ ಬೂಟು ಹಾಕಿಕೊಂಡ ಗಂಡಸರು ಹೆಂಗಸರು ಕೈ ಬೀಸಿಕೊಂಡು ಸುತ್ತು ಹಾಕುತ್ತಿದ್ದರು. ಊರೆಲ್ಲ ಒಣಗಿದ್ದಾಗ ಸುಮಾರು 37 ಎಕರೆ ನೀರು ಕಣ್ಣೆದುರಿಗೆ ಇರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ನಾವೂ ಒಂದು ಬೆಂಚಿನ ಮೇಲೆ ಕೂತು ಗಾಳಿ ಕುಡಿದೆವು. ದೊಡ್ಡಪ್ಪ ಮಾತ್ರ ಕೂರಲಿಲ್ಲ. ಏರಿಯ ಉದ್ದಕ್ಕೂ ನಡೆದ, ಬೇಲಿಯ ಮೇಲಿಂದ ಬಗ್ಗಿ ಬಗ್ಗಿ ನೋಡಿದ, ಮತ್ತೆ ವಾಪಸು ನಡೆದ. ಕಳೆದುಕೊಂಡದ್ದೇನನ್ನೋ ಹುಡುಕುವವನ ಹಾಗೆ.

"ಏನ್ ನೋಡ್ತಿದ್ದೀಯ ದೊಡ್ಡಪ್ಪ?"

"ಅಲ್ಲ ಕಣ್ರಪ್ಪ, ಕೆರೆ ಐತೆ, ಏರಿ ಐತೆ. ತೂಬೆಲ್ಲೈತೆ?"

ನಾವು ಮುಖ ಮುಖ ನೋಡಿಕೊಂಡೆವು. ಅಲ್ಲೇ ನಡೆದು ಹೋಗುತ್ತಿದ್ದ ಒಬ್ಬರನ್ನು ಕೇಳಿದರೆ, "ಟ್ಯೂಬಾ? ಯಾವ ಟ್ಯೂಬು?" ಅಂದರು. ಪಾಪ, ಒಳ್ಳೆಯವರೇ. ನಮಗೂ ನಗು ಬಂತು. ದೊಡ್ಡಪ್ಪನಿಗೆ ಬರಲಿಲ್ಲ. "ತೂಬಿಲ್ಲ ಅಂದ್ಮೇಲೆ ಈ ನೀರು ಯಾರಿಗೆ?" ಅಂತ ಕೇಳಿದ.

ಈ ಪ್ರಶ್ನೆಗೆ ಆವತ್ತು ನಮ್ಮಲ್ಲಿ ಉತ್ತರವಿರಲಿಲ್ಲ. ಸಿಹಿನೀರಿನ ಸಂರಕ್ಷಣೆ ಅಂತ ಭಾಷಣ ಕೇಳಿದ್ದೇವೆ, ಕೆರೆ ಉಳಿಸಿ ಅಂತ ನಾವೇ ಫಲಕ ಹಿಡಿದಿದ್ದೇವೆ. ಯಾರಿಗೆ ಉಳಿಸುವುದು, ಯಾರ ಕೈಯಲ್ಲಿ ಉಳಿದಿತ್ತು ಅಂತ ನಾವೇ ಕೇಳಿಕೊಂಡಿರಲಿಲ್ಲ. ಈ ಬರಹ ಆ ಭಾನುವಾರದ ಸಾಲ.

ತೂಬು ನೋಡದ ಗೆಳೆಯರೂ ಈಗ ಇರಬಹುದು. ಏರಿಯ ಒಳಮಗ್ಗುಲಲ್ಲಿ, ನೀರಿನೊಳಗೆ, ಎರಡು ಕಲ್ಲುಕಂಬ ನೆಟ್ಟು ನಡುವೆ ಅಡ್ಡಕಲ್ಲು ಕೂರಿಸಿರುತ್ತಾರೆ. ಅಡ್ಡಕಲ್ಲಿನ ತೂತಿನೊಳಗಿಂದ ಉದ್ದನೆಯ ಮರದ ಗಳು ಕೆಳಗಿಳಿದಿರುತ್ತದೆ, ಅದರ ತುದಿಗೆ ಬಿರಡೆ. ಬಿರಡೆ ಎತ್ತಿದರೆ ನೀರು ಏರಿಯ ಅಡಿಯ ಕಲ್ಲುಗಾಲುವೆಯಲ್ಲಿ ಹಾದು ಆಚೆಗಿನ ಅಚ್ಚುಕಟ್ಟಿಗೆ ಬೀಳುತ್ತದೆ. ಹೇಳಲು ಇಷ್ಟೇ. ಕೆರೆ ತುಂಬಿದಾಗ ತೂಬಿನ ತನಕ ಈಜಿಕೊಂಡು ಹೋಗಬೇಕು. ಬಿರಡೆ ಕಚ್ಚಿಕೊಂಡರೆ ಮುಳುಗಿ ಬಿಡಿಸಬೇಕು. ಕಂಡಿಯ ಸೆಳೆತಕ್ಕೆ ಕೈಯೋ ಕಾಲೋ ಸಿಕ್ಕಿದರೆ ಆ ಮನುಷ್ಯ ಮೇಲೆ ಬರುವುದಿಲ್ಲ.

ಆ ಮನುಷ್ಯನೇ ನೀರಗಂಟಿ. ಹಳೇ ಮೈಸೂರು ಸೀಮೆಯ ಹನ್ನೆರಡು ಆಯಗಾರರಲ್ಲಿ ಒಬ್ಬ. ಗೌಡ, ಶಾನುಭೋಗರಿಂದ ಶುರುವಾಗುವ ಆ ಪಟ್ಟಿಯ ಕೊನೆಯ ಕಡೆಗೆ ತಳವಾರ, ತೋಟಿಗಳ ಜೊತೆ ಅವನ ಹೆಸರು ಬರುತ್ತದೆ. ಮಳೆಗಾಲದ ರಾತ್ರಿ ಏರಿ ಕಾಯುವವನು ಅವನು. ಇಲಿ ಏಡಿ ಕೊರೆದ ಬಿಲ ಕಂಡರೆ ಕೂಗು ಹಾಕುವವನು ಅವನು. ಕೋಡಿ ಹತ್ತಿರ ಕಸ ಕಟ್ಟಿಕೊಂಡರೆ ಎಳೆಯುವವನು ಅವನು. ನಾಟಿಯಾದ ಮೇಲೆ ಕೊಯ್ಲಿನ ತನಕ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ತಲೆಯ ಲೆಕ್ಕ. ರೈತ ಎಷ್ಟೇ ದೊಡ್ಡವನಿರಲಿ, ತನ್ನ ಗದ್ದೆಗೆ ತಾನೇ ಮಡೆ ತಿರುಗಿಸುವಂತಿಲ್ಲ. ನಮ್ಮೂರಲ್ಲಿ ತೂಬಿನ ಕಂಬದ ಮೇಲೆ ಗೆರೆಗಳಿದ್ದವು. ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡಿ, ಈ ವರ್ಷ ಅಚ್ಚುಕಟ್ಟಿನ ಅರ್ಧಕ್ಕೆ ನಾಟಿಯೋ ಕಾಲು ಭಾಗಕ್ಕೋ ಎಂದು ಹೇಳುತ್ತಿದ್ದದ್ದು ದೊಡ್ಡಪ್ಪನ ಅಪ್ಪ. ಊರ ಗೌಡ ಅದಕ್ಕೆ ತಲೆಯಾಡಿಸುತ್ತಿದ್ದ. ಸುಗ್ಗಿಯಲ್ಲಿ ನೀರಗಂಟಿಗೆ ಗದ್ದೆಗೊಂದು ಹೊರೆ, ಕಣದಲ್ಲಿ ಆಯ. ಕೆಲವು ಊರುಗಳಲ್ಲಿ ಒಂದು ತುಂಡು ಮಾನ್ಯದ ಭೂಮಿ.

ಎಲ್ಲ ಸೀಮೆಯಲ್ಲೂ ನೀರಗಂಟಿ ನಮ್ಮವನೇ ಆಗಿದ್ದ ಎಂದು ನಾವು ಹೇಳುತ್ತಿಲ್ಲ. ಕೋಲಾರದ ಕಡೆ ಮಾತ್ರ ಈ ಕೆಲಸ ಬಹುಪಾಲು ಹೊಲಗೇರಿ ಮಾದಿಗೇರಿಗಳದ್ದೇ. ಯಾಕೆ ಅಂತ ಕೇಳಿದರೆ ಓದಿದವರು ಒಂದು ಚಂದದ ಉತ್ತರ ಕೊಡುತ್ತಾರೆ. ನೀರು ಹಂಚುವವನಿಗೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರಬಾರದು, ಇದ್ದರೆ ಪಕ್ಷಪಾತ ಮಾಡುತ್ತಾನೆ, ಅದಕ್ಕೇ ನೆಲವಿಲ್ಲದವನ ಕೈಗೆ ನೀರು ಕೊಟ್ಟರು, ಎಂಥ ವಿವೇಕ ನೋಡಿ ನಮ್ಮ ಹಿರಿಯರದ್ದು ಅಂತ. ಹೌದು ಸ್ವಾಮಿ, ವಿವೇಕವೇ. ನಮಗೆ ಮೊದಲು ನೆಲ ಇಲ್ಲದ ಹಾಗೆ ಮಾಡಿ, ಆಮೇಲೆ ನಮ್ಮ ಬರಿಗೈಯನ್ನೇ ನಿಮ್ಮ ನ್ಯಾಯದ ತಕ್ಕಡಿ ಮಾಡಿಕೊಂಡಿರಿ. ಪರಂಪರಾಗತ ಜಲನಿರ್ವಹಣೆ ಎಂದು ಇವತ್ತು ಹೊಗಳುವ ಪುಸ್ತಕಗಳನ್ನು ಓದುವಾಗ ನಮಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಎರಡೂ ನಿಜ.

ಈಗ ಸ್ಯಾಂಕಿಯ ವಿಷಯ. ರಿಚರ್ಡ್ ಹೈರಮ್ ಸ್ಯಾಂಕಿ ಮದರಾಸು ಸೈನ್ಯದ ಎಂಜಿನಿಯರು. ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ ಇಲ್ಲಿಯ ಮುಖ್ಯ ಎಂಜಿನಿಯರಾಗಿದ್ದ. 1866ರಲ್ಲಿ ಮೈಸೂರಿನ ಕೆರೆಗಳ ಬಗ್ಗೆ ಬರೆಯುತ್ತಾ, 27,269 ಚದರ ಮೈಲಿಯ ಈ ರಾಜ್ಯದಲ್ಲಿ ಹತ್ತಿರ ಹತ್ತಿರ ನೂರಕ್ಕೆ 60 ಭಾಗದ ನೀರು ಒಂದಲ್ಲ ಒಂದು ಕೆರೆಯ ಪಾಲಾಗುತ್ತದೆ, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕಾದೀತು ಎಂಬ ಅರ್ಥದ ಮಾತು ಹೇಳಿದ. ಒಬ್ಬ ಎಂಜಿನಿಯರು ತನಗಿಂತ ಮೊದಲಿನವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಕೊಡಲಾರ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ, ಹೀಗೆ ಸರಪಳಿ. ಇಡೀ ರಾಜ್ಯದಲ್ಲಿ ಇವತ್ತೂ ಲೆಕ್ಕಕ್ಕೆ ಸಿಕ್ಕುವ ಕೆರೆಗಳು 36 ಸಾವಿರಕ್ಕೂ ಹೆಚ್ಚು. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಮಣ್ಣು ಹೊತ್ತವರದ್ದು?

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಈಗ ಆಂಧ್ರದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಶಾಸನ ಹಾಕಿಸಿದ. ಕೆರೆಗೆ ಬೇಕಾದ ಹನ್ನೆರಡು ಲಕ್ಷಣ, ಇರಬಾರದ ಆರು ದೋಷ ಎಲ್ಲ ಸಂಸ್ಕೃತದಲ್ಲಿ ಪಟ್ಟಿಯಾಗಿದೆ. ಕೆಲಸದ ಲೆಕ್ಕವೂ ಇದೆ: ದಿನಕ್ಕೆ ಸಾವಿರ ಕೂಲಿಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷ. ರಾಜಕುಮಾರನ ಹೆಸರಿದೆ, ಅವನ ವಂಶದ ಹೆಸರುಗಳಿವೆ. ಸಾವಿರ ಮಂದಿಯಲ್ಲಿ ಒಬ್ಬನದೂ ಇಲ್ಲ. ಎತ್ತಿನ ಬಂಡಿಯ ಜೊತೆಗೆ ಎಣಿಸಿದ್ದಾರಲ್ಲ, ಅಷ್ಟೇ ಸಮಾಧಾನ.

ಹೆಸರು ಸಿಕ್ಕುವ ಒಬ್ಬ ನೀರಗಂಟಿ ಇದ್ದಾನೆ. ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಇದೆಯಲ್ಲ, ಇವತ್ತು ಜನ ರಜೆಯಲ್ಲಿ ನೋಡಲು ಹೋಗುತ್ತಾರೆ, ಬೆಟ್ಟದ ಕೆಳಗೆ ಬಹಳ ಚಂದದ ನೀರು. ಅದರ ಕಥೆಯನ್ನು ಲೂಯಿಸ್ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾನೆ. ಕೆರೆ ಕಾಯುತ್ತಿದ್ದ ನೀರಗಂಟಿ ಹೊನ್ನಬಿಲ್ಲ. ಒಂದು ದಿನ ಕೆರೆಯ ದೇವತೆ ಅವನಿಗೆ ಕಾಣಿಸಿಕೊಂಡು, ನಾನು ಏರಿ ಒಡೆದುಕೊಂಡು ಹೊರಡುತ್ತೇನೆ ಅಂದಳಂತೆ. ತಾಯಿ, ದೊರೆಯ ಅಪ್ಪಣೆ ಕೇಳಿಕೊಂಡು ಬರುತ್ತೇನೆ, ನಾನು ವಾಪಸು ಬರುವ ತನಕ ತಡೆದುಕೋ ಅಂತ ಇವನು ಬೇಡಿಕೊಂಡ. ಅವಳು ಒಪ್ಪಿದಳು. ಇವನು ಓಡಿ ಹೋಗಿ ದೊರೆಗೆ ಸುದ್ದಿ ಮುಟ್ಟಿಸಿದ. ದೊರೆ ಯೋಚನೆ ಮಾಡಿದ. ಇವನು ವಾಪಸು ಹೋಗುವ ತನಕ ತಾನೆ ಅವಳು ಕಾಯುವುದು? ಇವನು ಹೋಗದೇ ಇದ್ದರೆ? ಅಲ್ಲೇ ಅವನನ್ನು ಕೊಲ್ಲಿಸಿದ. ಕೆರೆ ಇವತ್ತಿಗೂ ಒಡೆದಿಲ್ಲ.

ಈ ಕಥೆ ಕೇಳಿ ನಾವು ಬಹಳ ಹೊತ್ತು ಸುಮ್ಮನಿದ್ದೆವು. ಹೊನ್ನಬಿಲ್ಲನ ಜಾತಿ ಯಾವುದು ಎಂದು ನಮಗೆ ಬೇಡ. ಏರಿಗೆ ಬಂದ ಗಂಡಾಂತರ ಮೊದಲು ಕಾಣುವುದು ನೀರಗಂಟಿಯ ಕಣ್ಣಿಗೆ. ದೇವತೆಯನ್ನು ಮಾತಿನಲ್ಲಿ ಕಟ್ಟಿ ಹಾಕುವ ಜಾಣ್ಮೆ ಅವನದು. ಓಡಿದ ಕಾಲು ಅವನದು. ದೊರೆಯ ಪಾಲಿಗೆ ಬಂದದ್ದು ಕತ್ತಿ ಮತ್ತು ಕೀರ್ತಿ. ಕೆರೆಗೆ ಸೊಸೆಯನ್ನು ಬಲಿ ಕೊಟ್ಟ ಹಾಡು ಶಾಲೆಯಲ್ಲಿ ಓದಿ ಕಣ್ಣೀರು ಹಾಕಿದ್ದೇವೆ, ಹಾಕಲೇಬೇಕು. ಹೊನ್ನಬಿಲ್ಲನನ್ನು ಮಾತ್ರ ನಮಗೆ ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ಸ್ಯಾಂಕಿ ಕೆರೆ ಬಂದದ್ದು 1882ರಲ್ಲಿ, 1876-78ರ ಬರ ಊರಿನ ಬೆನ್ನೆಲುಬು ಮುರಿದ ಮೇಲೆ. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಮೈಸೂರಿನ ಜನ 1881ರ ಹೊತ್ತಿಗೆ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದರು. ಬರದಲ್ಲಿ ಸಾಯುವವರು ಯಾರು ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಕಣಜ ಇದ್ದವರು ಕಣಜ ತೆಗೆದರು, ಹೊರೆ ನಂಬಿದವರು ದಾರಿಯಲ್ಲಿ ಬಿದ್ದರು. ಇನ್ನೊಂದು ಬರ ಬಂದರೆ ಬೆಂಗಳೂರಿಗೆ ನೀರಿರಲಿ ಎಂದು ಆದ ಕೆರೆ ಇದು. ಬರದ ನೆನಪಿನ ಕೆರೆಯ ಸುತ್ತ ಈಗ ಹೊಟ್ಟೆ ಕರಗಿಸಲು ನಡೆಯುತ್ತಾರೆ ಎಂದು ನಮ್ಮಲ್ಲೊಬ್ಬ ಅಂದ. ಅದು ಕುಹಕ ಆಯಿತು, ಬಿಡಿ. ನಡೆಯಲಿ, ಯಾರಿಗೆ ತಾನೆ ಆರೋಗ್ಯ ಬೇಡ.

ಬೆಂಚಿನ ಮೇಲೆ ಕೂತು ದೊಡ್ಡಪ್ಪ ತನ್ನ ಅವ್ವನ ಮಾತು ಎತ್ತಿದ. ಅಪ್ಪ ತೂಬು ಎತ್ತಿ ಊರಿಗೆಲ್ಲ ನೀರು ಬಿಡುತ್ತಿದ್ದ. ಅವ್ವ ಊರ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು ದೂರ ನಿಂತಿರುತ್ತಿದ್ದಳು, ಯಾರಾದರೂ ಪುಣ್ಯಾತ್ಮರು ಸೇದಿ ಎತ್ತಿ ಹೊಯ್ಯಲಿ ಎಂದು. ಯಾರೂ ಬರದಿದ್ದರೆ ಕೆರೆಯಂಗಳದಲ್ಲಿ ಒರತೆ ತೋಡಿ ಬಟ್ಟಲಿನಿಂದ ಮೊಗೆದು ತುಂಬಬೇಕು. ಕೆರೆಯ ಮೆಟ್ಟಿಲು ಮೇಲಿನ ಕೇರಿಯವರಿಗೆ. ನಮಗೆ ದನ ಇಳಿಯುವ ಕಡೆ. "ನಮ್ಮಪ್ಪ ಮುಳುಗಿ ಎದ್ದ ನೀರೇ ಅವ್ರ ಗದ್ದೆಗೆ ಹೋಗ್ತಿತ್ತು. ಗದ್ದೆ ನೀರು ಮೈಲ್ಗೆ ಆಗ್ತಿರ್ಲಿಲ್ಲ, ಕೊಡದ ನೀರು ಆಗ್ತಿತ್ತು. ಅದೇನ್ ಲೆಕ್ಕವೋ" ಅಂದ. ನಮ್ಮಲ್ಲಿ ನಾಲ್ವರಿಗೂ ಇಂಥ ಒಂದೊಂದು ಬಾವಿಯ ನೆನಪಿದೆ. ಊರು ಬೇರೆ ಅಷ್ಟೇ.

ಈ ಲೆಕ್ಕವನ್ನು ಎದುರು ನಿಂತು ಕೇಳಿದ್ದು ಮಹಾಡದಲ್ಲಿ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರು ಬಳಸಬಹುದು ಎಂದು ಬೊಂಬಾಯಿ ಶಾಸನ ಸಭೆ 1923ರಲ್ಲಿ ಬೋಲೆಯವರ ನಿರ್ಣಯವನ್ನು ಒಪ್ಪಿತು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳೆಲ್ಲ ಆಗ ಬೊಂಬಾಯಿ ಪ್ರಾಂತದಲ್ಲೇ ಇದ್ದವು, ಆದ್ದರಿಂದ ಅದು ನಮ್ಮ ಕೆರೆಗಳ ಮಾತೂ ಹೌದು. ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಚವದಾರ ಅಂದರೆ ಮರಾಠಿಯಲ್ಲಿ ರುಚಿಯಾದದ್ದು. ಆ ರುಚಿ ನೋಡಲು ನಮ್ಮವರಿಗೆ ಮೂರು ವರ್ಷ ಬೇಕಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಅವರು ಹೋದ ಮೇಲೆ ಜನರ ಮೇಲೆ ದೊಣ್ಣೆ ಬಿತ್ತು. ಕೆರೆಗೆ 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಬಿತ್ತು. ಶುದ್ಧಿ ಅಂತೆ! ಪುರಸಭೆ ಆಗಸ್ಟಿನಲ್ಲಿ ತನ್ನ ನಿರ್ಣಯವನ್ನೇ ವಾಪಸು ಪಡೆಯಿತು. ಡಿಸೆಂಬರಿನಲ್ಲಿ ಮತ್ತೆ ಸೇರುವ ಹೊತ್ತಿಗೆ ಮೇಲ್ಜಾತಿಯವರು ಕೆರೆ ತಮ್ಮ ಖಾಸಗಿ ಸ್ವತ್ತು ಎಂದು ಕೋರ್ಟಿಗೆ ಹೋಗಿ ತಡೆ ತಂದಿದ್ದರು. ಸಮ್ಮೇಳನ ಕೆರೆಗೆ ಇಳಿಯಲಿಲ್ಲ, ಮನುಸ್ಮೃತಿಯನ್ನು ಸುಟ್ಟಿತು. ಅನಾದಿ ಕಾಲದ ಪದ್ಧತಿ ಎಂಬ ವಾದಕ್ಕೆ ಪುರಾವೆ ಇಲ್ಲ ಎಂದು ಬೊಂಬಾಯಿ ಹೈಕೋರ್ಟು ಹೇಳಿದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ವ್ಯಾಜ್ಯ.

ನಮ್ಮ ಕೈ ತಾಗಿದರೆ ಕೆಡುತ್ತಿದ್ದ ನೀರು ಆಮೇಲೆ ಏನಾಯಿತು? ಬೆಳ್ಳಂದೂರು ಕೆರೆಯನ್ನು ಕೇಳಿ. ಸುಮಾರು 900 ಎಕರೆಯ ಕೆರೆ. ಅಪಾರ್ಟ್‌ಮೆಂಟುಗಳ ಕಕ್ಕಸು ಬಚ್ಚಲು ರಾಜಕಾಲುವೆಯಲ್ಲಿ ಹರಿದು ಬಂದು, 2015ರಲ್ಲಿ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಮತ್ತೆ. ನೀರೇ ಉರಿಯುವುದನ್ನು ಜಗತ್ತು ನಿಂತು ನೋಡಿತು. ಆಗ ಯಾರೂ 108 ಕೊಡ ತರಲಿಲ್ಲ.

ನೀರಗಂಟಿಕೆ ಕಾನೂನಿನಲ್ಲಿ ಮುಗಿದದ್ದು 1963ರ ಫೆಬ್ರವರಿ 1ಕ್ಕೆ. ಅವತ್ತು ಮೈಸೂರು ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಜಾರಿಗೆ ಬಂತು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಜೊತೆಗೆ ತೋಟಿ, ತಳವಾರ, ನೀರಗಂಟಿಗಳದ್ದೂ ಹೋಯಿತು. ಹೋದದ್ದು ಒಳ್ಳೆಯದೇ. ಹುಟ್ಟಿದ ತಪ್ಪಿಗೆ ಮಾಡಬೇಕಾದ ಕೆಲಸ ಎಷ್ಟೇ ದೊಡ್ಡದಿರಲಿ ಅದು ಜೀತವೇ. ಬಾಬಾಸಾಹೇಬರು 1928ರಲ್ಲೇ ಮಹಾರ್ ವತನದ ಉರುಳು ಬಿಚ್ಚಲು ಬೊಂಬಾಯಿ ಶಾಸನ ಸಭೆಯಲ್ಲಿ ಮಸೂದೆ ತಂದದ್ದು ಇದೇ ಕಾರಣಕ್ಕೆ. ಹಳೆಯ ನೀರಗಂಟಿ ಪದ್ಧತಿ ವಾಪಸು ತನ್ನಿ ಎನ್ನುವ ಪರಿಸರದ ಗೆಳೆಯರಿಗೆ ನಾವು ಕೈ ಮುಗಿದು ಒಂದು ಮಾತು ಕೇಳುತ್ತೇವೆ. ಬಿರಡೆ ಎತ್ತಲು ಈ ಸಲ ಯಾರ ಮಗ ಮುಳುಗುತ್ತಾನೆ?

ಆದರೆ ಹುದ್ದೆ ರದ್ದಾದಾಗ ಆ ವಿದ್ಯೆಗೆ ಒಂದು ಸಂಬಳ, ಒಂದು ಸ್ಥಾನ ಕೊಡಬೇಕೆಂದು ಸರ್ಕಾರಕ್ಕೆ ಹೊಳೆಯಲಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯದು ಪಂಚಾಯಿತಿಗಳಿಗೆ ಎಂದು ಹಂಚಿಕೊಂಡರು. ಫೈಲಿಗೆ ಈಜು ಬರುತ್ತದೆಯೇ? ಹೂಳು ತುಂಬಿತು, ಕಾಲುವೆ ಒತ್ತುವರಿಯಾಯಿತು. ದುಡ್ಡಿದ್ದವನು ಬೋರು ಕೊರೆಸಿದ. ದೊಡ್ಡಪ್ಪನ ಮಾತಿನಲ್ಲೇ ಹೇಳಬೇಕು: "ಆ ಕೆಲ್ಸ ಹೋಯ್ತು ಅಂತ ನಂಗೇನ್ ದುಃಖ ಇಲ್ಲ ಕಣಪ್ಪ. ಕಟ್ಟಕಡೇ ಗದ್ದೆಗೂ ನೀರು ಮುಟ್ಟೋ ಲೆಕ್ಕ ಒಂದಿತ್ತಲ್ಲ, ಅದು ಹೋಯ್ತು."

ಪಟ್ಟಣದ ಕಥೆ ಇನ್ನೊಂದು ಥರ. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ, ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂದಾದ ಮೇಲೆ ಊರಿನ ಕೆರೆ ಸೊಳ್ಳೆಯ ಗುಂಡಿಯಂತೆ ಕಂಡಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕರಗಕ್ಕೆ ಎಂದು ಒಂದು ಮೂಲೆಯಲ್ಲಿ ಚಿಕ್ಕ ಕೊಳ ಉಳಿದಿದೆ. ಚಲ್ಲಘಟ್ಟದ ಕೆರೆಯಂಗಳದಲ್ಲಿ ಗಾಲ್ಫ್ ಆಡುತ್ತಾರೆ. ಕೆರೆಗಳನ್ನು ಒಡೆಯಬೇಡಿ, ಚರಂಡಿ ಬಿಡಬೇಡಿ ಎಂದು ಹೇಳಲು 1985ರಲ್ಲಿ ಲಕ್ಷ್ಮಣರಾವ್ ಸಮಿತಿಯೇ ಬೇಕಾಯಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು, ಎರಡೇ ವರ್ಷದಲ್ಲಿ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲು ಶುರು ಮಾಡಿತು. ಹೆಬ್ಬಾಳ, ನಾಗವಾರ ಎಲ್ಲ ಆ ಪಟ್ಟಿಯಲ್ಲಿದ್ದವು. 2008ರಲ್ಲಿ ಜನ ಹೈಕೋರ್ಟಿಗೆ ಹೋಗಿ ಅದನ್ನು ಪ್ರಶ್ನಿಸಬೇಕಾಯಿತು. ಮಹಾಡದವರೂ ಕೆರೆ ಖಾಸಗಿ ಅಂದಿದ್ದರು ಎಂಬುದು ಇಲ್ಲಿ ನೆನಪಿರಲಿ.

ಬೇಲಿಯ ಬಗ್ಗೆಯೂ ನಾವು ಯೋಚಿಸಿದೆವು. ಒತ್ತುವರಿ ತಡೆಯಲು ಬೇಲಿ ಬೇಕು, ಇಲ್ಲವೆಂದರೆ ಸೈಟು ಮಾಡಿ ಮಾರಿಬಿಡುತ್ತಾರೆ. ಅದು ಸರಿ. ಆದರೆ ಬೇಲಿ ಬಿದ್ದ ದಿನ ಮೀನು ಹಿಡಿಯುವವನು, ಬಟ್ಟೆ ಒಗೆಯುವವನು, ದನಕ್ಕೆ ಒಂದು ಹೊರೆ ಹುಲ್ಲು ಕುಯ್ಯುವವಳು ಕೂಡ ಆಚೆಗೆ ಉಳಿದರು. ಕೆರೆಗೆ ಅವರು ಮಾಡಿದ ಕೇಡಿಗಿಂತ ಭೂಮಿಯ ಕೆಳಗಿನ ಒಂದು ಒಡೆದ ಚರಂಡಿ ಪೈಪು ಮಾಡುವ ಕೇಡು ದೊಡ್ಡದು. ಆ ಪೈಪು ಕಟ್ಟಿಕೊಂಡಾಗ ಕೆಳಗಿಳಿಯುವವರು ಮತ್ತೆ ಯಾರು? ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದ ಆರಂಭದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿ ನಿಲ್ಲಿಸಿದರು. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದು ಎಂದು 2013ರ ಕಾಯಿದೆ ಹೇಳುತ್ತದೆ. ಆಮೇಲೂ ಇಳಿಸಿದ್ದಾರೆ, ಆಮೇಲೂ ಸತ್ತಿದ್ದಾರೆ. ಸಿಹಿನೀರು ಸಿಹಿಯಾಗಿ ಉಳಿಯುವುದು ಚರಂಡಿಯ ಕೆಲಸ ಸರಿಯಾಗಿ ನಡೆದರೆ ಮಾತ್ರ. ಹಿಂದೆ ತೂಬಿನಲ್ಲಿ ಮುಳುಗಿದವನ ಮೊಮ್ಮಗ ಈಗ ಮ್ಯಾನ್‌ಹೋಲಿನಲ್ಲಿ. ಸಂರಕ್ಷಣೆಯ ಬೋರ್ಡಿನಲ್ಲಿ ಹಕ್ಕಿಗಳ ಹೆಸರು ಬರೆದಿರುತ್ತಾರೆ. ಇವನದಿಲ್ಲ.

ಇನ್ನು ನಮ್ಮ ಕೋಲಾರ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ, ಪೈಪಿನಲ್ಲಿ ತಳ್ಳಿ, 2018ರ ಜೂನಿನಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರು, 126 ಕೆರೆ ಎಂಬುದು ಯೋಜನೆಯ ಲೆಕ್ಕ. ಮರು ತಿಂಗಳೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದಿತು. ಮೂರನೇ ಹಂತದ ಶುದ್ಧಿಯೂ ಬೇಕು ಎಂದು ಕೋಲಾರದ ಜನ ಕೇಳಿದರು, ವ್ಯಾಜ್ಯ ಹೈಕೋರ್ಟು, ಸುಪ್ರೀಂ ಕೋರ್ಟು ಎರಡನ್ನೂ ಕಂಡಿತು. ಪೈಪು ಶಾಶ್ವತವಾಗಿ ನಿಲ್ಲಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಒಣಗಿದ್ದ ಕೆರೆಯಲ್ಲಿ ನೀರು ನಿಂತದ್ದು ನೋಡಿ ಸಂತೋಷಪಟ್ಟ ರೈತರೂ ಇದ್ದಾರೆ, ಅವರನ್ನು ನಾವು ಹೀಗಳೆಯುವುದಿಲ್ಲ. ಬಾಯಾರಿದವನಿಗೆ ಉಪದೇಶ ಹೇಳಬಾರದು. ನೀರು ಎಲ್ಲಿಂದ ಬಂತು ಎಂಬುದಕ್ಕಿಂತ, ಬಂದ ನೀರು ಹೇಗೆ ಹೋಗುತ್ತದೆ ಎಂಬುದನ್ನು ನೋಡಿ.

ಈ ಕೆರೆಗಳಿಂದ ನೇರವಾಗಿ ನೀರೆತ್ತುವಂತಿಲ್ಲ. ನೀರು ಇಂಗಬೇಕು, ಅಂತರ್ಜಲ ಏರಬೇಕು, ಬೋರು ತುಂಬಬೇಕು. ಕುಡಿಯುವ ನೀರಲ್ಲವಲ್ಲ, ನಿಯಮ ತಪ್ಪು ಎನ್ನಲಾರೆವು. ಆದರೆ ಕೋಲಾರದಲ್ಲಿ ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆಸಿ, ಪಂಪು ಇಳಿಸಿ, ಕೆಟ್ಟರೆ ಮತ್ತೆ ಎತ್ತಿಸುವ ತಾಕತ್ತು ಯಾರಿಗಿದೆ? ಕೆರೆ ಎಲ್ಲರದು, ಇಂಗುವ ನೀರು ಎಲ್ಲರದು, ಮೇಲೆತ್ತುವ ಪೈಪು ಮಾತ್ರ ಒಬ್ಬೊಬ್ಬನದು. ತೂಬಿನ ಕಾಲದಲ್ಲಿ ಕಾಲೆಕರೆಯವನಿಗೂ ಒಂದು ಮಡೆ ಇತ್ತು, ಅವನ ಸರದಿಗೆ ನೀರಗಂಟಿ ಬಂದು ತಿರುಗಿಸಲೇಬೇಕಿತ್ತು. ಬೋರಿನ ಕಾಲದಲ್ಲಿ ಸರದಿಯೇ ಇಲ್ಲ. ನೆಲವೇ ಇಲ್ಲದ ನಮ್ಮ ಕೇರಿಗೆ ಸಿಕ್ಕಿದ್ದು ಫ್ಲೋರೈಡಿನ ನೀರು, ಹಲ್ಲಿನ ಮೇಲಿನ ಕಂದು ಕಲೆ. 2021ರ ನವೆಂಬರಿನ ಮಳೆಗೆ ಕೋಲಾರದ ಕೆರೆಗಳು ಕೋಡಿ ಬಿದ್ದಾಗ ಊರೂರಲ್ಲಿ ಬಾಗಿನ ಬಿಟ್ಟರು, ತೆಪ್ಪ ಬಿಟ್ಟರು. ನಮ್ಮೂರಲ್ಲೂ ಬಿಟ್ಟರು. ಏರಿಯ ಮೇಲೆ ದೊಡ್ಡಪ್ಪ ಒಂದು ಕಲ್ಲಿನ ಮೇಲೆ ಕೂತು ತೂಬಿನ ಕಡೆ ಕೈ ತೋರಿಸಿ, ಬಿರಡೆ ಕೊಳೆತಿದೆ, ಏರಿ ಜಿನುಗುತ್ತಿದೆ, ಯಾರಾದರೂ ನೋಡಿ ಅಂತ ಹೇಳಿದನಂತೆ. ಶಾಮಿಯಾನದ ಮೈಕಿನ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಆ ರಾತ್ರಿ ಕೇರಿಯ ಆರು ಹುಡುಗರನ್ನು ಕಟ್ಟಿಕೊಂಡು ಮರಳು ಮೂಟೆ ಹಾಕಿಸಿದ್ದು ಅವನೇ. ಕೂಲಿ ಕೇಳಲಿಲ್ಲವೇ ಅಂದರೆ, "ಯಾರ್ನ ಕೇಳೋದು, ಕೇಳೋಕೆ ಯಾರಿದ್ರು?" ಅಂದ.

ಪಾರ್ಕು ಮುಚ್ಚುವ ಹೊತ್ತಾಯಿತು. ಸೋಮವಾರ ಕಣ್ಣು ತೋರಿಸಿ, ಸಂಜೆ ಅವನನ್ನು ಕೋಲಾರದ ಬಸ್ಸು ಹತ್ತಿಸಲು ಮೆಜೆಸ್ಟಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣಿಗೆ ಹನಿ ಹಾಕಿದ್ದರಿಂದ ಎಲ್ಲ ಮಂಜು ಮಂಜು ಅನ್ನುತ್ತಿದ್ದ. ಬಸ್ಸು ತಡ ಇತ್ತು. ಮಾತಿಗೆ ಮಾತು ಬಂದು, ನಾವು ನಿಂತಿರುವುದೇ ಧರ್ಮಾಂಬುಧಿ ಕೆರೆಯ ಒಳಗೆ ಎಂದು ಹೇಳಿದೆವು. ಅವನು ನಂಬಲಿಲ್ಲ. ಆಮೇಲೆ ಪ್ಲಾಟ್‌ಫಾರಂನ ತುದಿಯ ತನಕ ಹೋಗಿ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಬಸ್ಸುಗಳು ಹೊರಕ್ಕೆ ಇಳಿದು ಹೋಗುವ ರಸ್ತೆಯ ಇಳಿಜಾರನ್ನು ಬಹಳ ಹೊತ್ತು ನೋಡಿದ. ನೀರು ಯಾವ ಕಡೆಗೆ ಇಳಿಯುತ್ತಿತ್ತು ಎಂದು ಅಂದಾಜು ಮಾಡುತ್ತಿದ್ದ ಅಂತ ನಮಗೆ ತಡವಾಗಿ ತಿಳಿಯಿತು.

"ಹಂಗಾದ್ರೆ ತೂಬು ಅಲ್ಲೆಲ್ಲೋ ಇದ್ದಿರ್ಬೇಕು" ಅಂದ. ಅಷ್ಟರಲ್ಲಿ ಕಂಡಕ್ಟರು ಕೋಲಾರ ಕೋಲಾರ ಅಂತ ಕೂಗಿದ. ಕೈ ಹಿಡಿದು ಹತ್ತಿಸಿದೆವು.